ತೈಲಚಿತ್ರಕ್ಕೆ ‘ಜೀರ್ಣೋದ್ಧಾರ’ ಎನ್ನಬಹುದೇ?

ಮಾನ್ಯರೇ,

ಮನೆಗಳಲ್ಲಿ ಉಳಿದಿರುವ ಹಳೆಯ ತೈಲಚಿತ್ರಗಳನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಒಂದು ಕೈಪಿಡಿ ಬರೆಯುತ್ತಿದ್ದೇನೆ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೋಡಿ ಬೆಳೆದ ಮೈಸೂರಿನವರಿಗೆ ತೈಲಚಿತ್ರ ಹೊಸದೇನಲ್ಲ. ಆದರೆ ಅದನ್ನು ಸರಿಪಡಿಸುವ ಕೆಲಸಕ್ಕೆ ಒಪ್ಪುವ ಪದ ಸಿಗದೆ ನನ್ನ ಬರವಣಿಗೆ ನಿಂತಿದೆ.

‘ಜೀರ್ಣೋದ್ಧಾರ’ ಎಂಬ ಪದ ಬಳಕೆಯಲ್ಲಿದೆ. ಆದರೆ ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಶಿಥಿಲವಾದ ಕಲ್ಲನ್ನು ತೆಗೆದು ಹೊಸದನ್ನಿಡುವುದು, ಗೋಪುರಕ್ಕೆ ಹೊಸ ಬಣ್ಣ ಬಳಿಯುವುದು ಎಲ್ಲವೂ ಸೇರುತ್ತದೆ. ಚಿತ್ರದಲ್ಲಿ ಬಣ್ಣ ಉದುರಿದ ಜಾಗವನ್ನಷ್ಟೇ ತುಂಬಬೇಕು, ಪಕ್ಕದ ಮೂಲಬಣ್ಣಕ್ಕೆ ಕುಂಚ ತಾಗಬಾರದು, ತುಂಬಿದ್ದನ್ನು ಮುಂದೊಮ್ಮೆ ಮೂಲಕ್ಕೆ ಧಕ್ಕೆಯಾಗದಂತೆ ತೆಗೆಯಲೂ ಬರಬೇಕು. ‘ಮರುಬಣ್ಣ’ ಎಂದರೆ ಅರ್ಥವೇ ಕೆಡುತ್ತದೆ. ‘ತುಂಬುಬಣ್ಣ’ ಎಂದು ನಾನು ಬರೆದುಕೊಂಡಿದ್ದೇನೆ.

ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ಶುಚಿಗೊಳಿಸುವ ಕೆಲಸದ ಕ್ರಿಯಾಪದ. ‘ತೊಳೆ’, ‘ಒರೆಸು’ ಎಂದು ಬರೆದರೆ ಓದಿದವರು ಒದ್ದೆಬಟ್ಟೆ ಹಿಡಿಯುತ್ತಾರೆ. ನಮ್ಮ ತಾತನ ಭಾವಚಿತ್ರಕ್ಕೆ ಹೊಸ ಕಟ್ಟು ಹಾಕಿಸಲು ಕೊಟ್ಟಾಗ, ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸಿದರು. ಬಿರುಕುಗಳಲ್ಲಿ ನೀರಿಳಿದು, ಕ್ಯಾನ್ವಾಸಿನ ಅಂಟಿನ ಲೇಪ ಸಡಿಲಗೊಂಡು, ಪೇಟದ ಜರಿಯಂಚಿನ ಬಣ್ಣ ಗೋಡೆಯ ಸುಣ್ಣದಂತೆ ಹಕ್ಕಳೆ ಎದ್ದು ಉದುರಿತು. ಆ ಹಕ್ಕಳೆಗಳನ್ನು ಅಮ್ಮ ಇಂದಿಗೂ ಒಂದು ಕಾಗದದ ಪೊಟ್ಟಣದಲ್ಲಿ ಇಟ್ಟಿದ್ದಾರೆ.

ವಾಸ್ತವದಲ್ಲಿ ಶುಚಿಗೊಳಿಸುವುದರಲ್ಲಿ ಎರಡು ಬೇರೆ ಕೆಲಸಗಳಿವೆ. ಮೇಲೆ ಕೂತ ದೂಳು, ದೀಪದ ಮಸಿ, ಜಿಡ್ಡು ತೆಗೆಯುವುದು ಒಂದು. ಕಾಲಕ್ರಮದಲ್ಲಿ ಹಳದಿಗಟ್ಟಿದ ರಾಳದ ವಾರ್ನಿಷನ್ನು, ಕಡ್ಡಿಗೆ ಸುತ್ತಿದ ಹತ್ತಿಯನ್ನು ದ್ರಾವಕದಲ್ಲಿ ನೆನೆಸಿ, ಮೊದಲು ಅಂಚಿನಲ್ಲಿ ಪರೀಕ್ಷಿಸಿ, ಅಂಗುಲ ಅಂಗುಲವಾಗಿ ಕರಗಿಸುವುದು ಇನ್ನೊಂದು. ವಾರ್ನಿಷನ್ನು ಕರಗಿಸುವ ದ್ರಾವಕ ಕೆಳಗಿನ ಬಣ್ಣವನ್ನೂ ಕರಗಿಸಬಲ್ಲದಾದ್ದರಿಂದ ಇದನ್ನು ಪರಿಣತರೇ ಮಾಡಬೇಕು. ಎರಡಕ್ಕೂ ‘ಬಿಡಿಸು’ ಹೊಂದುತ್ತದೆ ಎಂದುಕೊಂಡಿದ್ದೆ. ಆದರೆ ನಮ್ಮಲ್ಲಿ ‘ಚಿತ್ರ ಬಿಡಿಸು’ ಎಂದರೆ ಚಿತ್ರ ಬರೆಯುವುದೆಂದೇ ಅರ್ಥ. ಆದ್ದರಿಂದ ‘ಕೊಳೆ ತೆಗೆ’, ‘ಮೆರುಗೆಣ್ಣೆ ಕಳಚು’ ಎಂದು ಬೇರೆ ಬೇರೆ ಇಟ್ಟಿದ್ದೇನೆ.

ಚಿನ್ನದ ರೇಕಿನ ಕೆಳಗಿನ ಉಬ್ಬುಲೇಪಕ್ಕೆ ‘ಮಕ್ಕು’ ಎನ್ನುವ ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರ ಮನೆಮಾತಿನಲ್ಲಿ, ಉದುರಿದ ಬಣ್ಣವನ್ನು ತುಂಬುವ ಕೆಲಸಕ್ಕೂ ಒಂದು ಪದ ಇದೆಯೇ? ಕೇಳಿ ಬಲ್ಲವರು ದಯವಿಟ್ಟು ತಿಳಿಸಬೇಕು.