ಸಹಾಯ ಬೇಕು: ಇಂಪ್ಲಾಂಟ್ ಸುತ್ತ ಗಟ್ಟಿಯಾಗಿದೆ, ಮುಂದೇನು?

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರ್ ಆಪರೇಷನ್ ಜೊತೆಗೇ ನಮ್ಮಕ್ಕನಿಗೆ ಸ್ತನದ ಆಕಾರಕ್ಕೆಂದು ಒಳಗೆ ಸಿಲಿಕೋನ್ ಇಂಪ್ಲಾಂಟ್ ಇಟ್ಟಿದ್ದರು. ಆಮೇಲೆ ರೇಡಿಯೇಷನ್ ಆಯಿತು. ಈಗ ಆ ಕಡೆ ಕಲ್ಲಿನ ಹಾಗೆ ಗಟ್ಟಿಯಾಗಿ ಮೇಲಕ್ಕೆ ಎಳೆದುಕೊಂಡಿದೆ. ರವಿಕೆ ಹುಕ್ ಹಾಕುವಾಗಲೂ ನೋವು. ಇಂಪ್ಲಾಂಟ್ ಸುತ್ತ ದೇಹವೇ ಕಟ್ಟಿದ ಪೊರೆ ಬಿಗಿದಿದೆ, ಬೇಕರ್ 4ನೇ ಹಂತ, ಅಂದರೆ ಈ ಬಿಗಿತದಲ್ಲಿ ಅತಿ ತೀವ್ರವಾದದ್ದು ಅಂದರು ಡಾಕ್ಟರು. ರೇಡಿಯೇಷನ್ ಆದವರಲ್ಲಿ ಇದು ಜಾಸ್ತಿಯಂತೆ.

ಪೊರೆ ತೆಗೆದು ಹೊಸ ಇಂಪ್ಲಾಂಟ್ ಇಡಬಹುದು, ಆದರೆ ಮತ್ತೆ ಬಿಗಿಯಬಹುದು. ಇಲ್ಲವೇ ಹೊಟ್ಟೆಯ ಚರ್ಮ, ಕೊಬ್ಬು ತಂದು ಹೊಸದಾಗಿ ಸ್ತನ ಕಟ್ಟುವ ಡೀಪ್ ಫ್ಲಾಪ್. ರಕ್ತನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಹೊಲಿಯುವ ದೊಡ್ಡ ಆಪರೇಷನ್ ಅದು. ನನಗೆ ಇದೇ ಸರಿ ಅನ್ನಿಸುತ್ತೆ, ಅಕ್ಕನಿಗೆ ಭಯ.

ಬೆಂಗಳೂರು, ಮೈಸೂರು ಕಡೆ ಮಾಡಿಸಿಕೊಂಡವರು ಇದ್ದೀರಾ? ಹೊಟ್ಟೆಯ ಗಾಯ ಮಾಯೋಕೆ ಎಷ್ಟು ದಿನ ಹಿಡಿಯಿತು? ಇನ್ಶೂರೆನ್ಸ್ ಸಿಕ್ಕಿತಾ? ದಯವಿಟ್ಟು ತಿಳಿಸಿ, ಇನ್‌ಬಾಕ್ಸ್‌ನಲ್ಲಿ ಬರೆದರೂ ಸರಿ.