ಡೀಮ್ಡ್ ಎಕ್ಸ್‌ಪೋರ್ಟ್‌ಗೆ ಕನ್ನಡದಲ್ಲಿ ಏನನ್ನೋಣ? ಒಂದು ಪದ ಸಾಲದು

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಮಷಿನ್ ಷಾಪಿನಲ್ಲಿ ಕೆಲಸ ನನ್ನದು. ಹೋದ ತಿಂಗಳು ಅಮೆರಿಕದ ಗಿರಾಕಿಯೊಬ್ಬರು ಒಂದು ಫಾರಂ ಕಳಿಸಿದ್ದರು. ನಮ್ಮ ಡ್ರಾಯಿಂಗ್‌ಗಳ ವಿಷಯದಲ್ಲಿ ಡೀಮ್ಡ್ ಎಕ್ಸ್‌ಪೋರ್ಟ್, ರೀ-ಎಕ್ಸ್‌ಪೋರ್ಟ್ (ಬಂದದ್ದನ್ನು ಮತ್ತೊಂದು ದೇಶಕ್ಕೆ ಕಳಿಸುವುದು) ಏನಾದರೂ ಆಗುತ್ತಾ ಅಂತ ಒಂದು ಪ್ರಶ್ನೆ. ಅಕೌಂಟ್ಸ್‌ನವರು ಖುಷಿಯಾಗಿ ‘ಹೌದು, ಪ್ರತಿ ತಿಂಗಳೂ’ ಎಂದು ತುಂಬಿಬಿಟ್ಟರು. ಆ ಕಡೆಯಿಂದ ಗಾಬರಿಯ ಫೋನು!

ಅವರನ್ನೂ ಸುಮ್ನೆ ಬೈಯುವ ಹಾಗಿಲ್ಲ. ನಮ್ಮ ದೇಶದ ನೀತಿಯಲ್ಲಿ ಡೀಮ್ಡ್ ಎಕ್ಸ್‌ಪೋರ್ಟ್ ಅಂದರೆ ಮಾಲು ಗಡಿ ದಾಟದೆಯೂ ರಫ್ತಿನ ಲೆಕ್ಕಕ್ಕೆ ಸೇರುವುದು. ಒಂದು ಇಒಯುಗೆ (ರಫ್ತಿಗೆಂದೇ ಇರುವ ಘಟಕಕ್ಕೆ) ಇಲ್ಲೇ ಬಿಡಿಭಾಗ ಕೊಟ್ಟರೆ ಕಟ್ಟಿದ ಜಿಎಸ್‌ಟಿ ವಾಪಸ್ ಕೇಳಬಹುದು, ಅಷ್ಟೇ. ಅಮೆರಿಕದ ರಫ್ತು ನಿಯಂತ್ರಣದಲ್ಲಿ ಅದೇ ಪದ ಬೇರೆಯೇ ಕಥೆ: ಪಟ್ಟಿಯಲ್ಲಿರುವ ತಂತ್ರಜ್ಞಾನವನ್ನು ಅಮೆರಿಕದೊಳಗೇ ಒಬ್ಬ ವಿದೇಶಿಗೆ ತೋರಿಸಿದರೂ, ಬಾಯಲ್ಲಿ ವಿವರಿಸಿದರೂ ಅದು ಅವನ ದೇಶಕ್ಕೆ ರಫ್ತು ಮಾಡಿದ ಹಾಗೆ, ಅದಕ್ಕೂ ಲೈಸೆನ್ಸ್ ಬೇಕಾಗಬಹುದು. ಎಚ್-1ಬಿ ವೀಸಾದ ಮೇಲೆ ಅಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗನಿಗೆ ಅಂಥ ಡ್ರಾಯಿಂಗ್ ಬಿಚ್ಚಿ ತೋರಿಸಿದರೆ ಭಾರತಕ್ಕೆ ಕಳಿಸಿದಂತೆ. ಅದೇ ಹುಡುಗನಿಗೆ ಗ್ರೀನ್ ಕಾರ್ಡ್ ಬಂದ ಮೇಲೆ ಈ ತಕರಾರಿಲ್ಲ.

ಇನ್ನೊಂದು ತಮಾಷೆ. ರಫ್ತು ಪಾರಸಿಯಿಂದ ಬಂದದ್ದು, ಅಲ್ಲಿ ‘ರಫ್ತ್’ ಅಂದರೆ ‘ಹೋಯಿತು’ (ಆಮದು ಕೂಡ ಹಾಗೇ, ‘ಬಂತು’). ಇಲ್ಲಿ ಎರಡು ಅರ್ಥದಲ್ಲೂ ಮಾಲು ಎಲ್ಲಿಗೂ ಹೋಗಿಲ್ಲ!

ಷಾಪಿನವರಿಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯಬೇಕಾಗಿದೆ. ಡೀಮ್ಡ್ ಫಾರೆಸ್ಟ್‌ಗೆ ಪರಿಭಾವಿತ ಅರಣ್ಯ ಅಂತ ಇದೆಯಲ್ಲ, ಹಾಗೆ ‘ಪರಿಭಾವಿತ ರಫ್ತು’ ಅನ್ನಬಹುದು. ಆದರೆ ಲೇತ್ ಮುಂದೆ ನಿಂತವರಿಗೆ ಅದರಿಂದ ಏನು ತಿಳಿದೀತು? ನಮ್ಮ ಕಡೆಯದಕ್ಕೆ ‘ರಫ್ತಿಗೆ ಸಮ’, ಅಮೆರಿಕದ್ದಕ್ಕೆ ‘ಇದ್ದಲ್ಲೇ ರಫ್ತು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ನಮ್ಮ ಹಳೇ ಆಪರೇಟರ್ ಒಬ್ಬರು ‘ಕಣ್ಣಲ್ಲೇ ಹೋಗೋ ರಫ್ತು ಅನ್ನಿ ಸಾರ್’ ಅಂದರು. ನನಗೆ ಅದೇ ಜಾಸ್ತಿ ಹಿಡಿಸಿದೆ, ಆದರೆ ಬಾಯಲ್ಲಿ ಹೇಳಿದ್ದು ಅದರಲ್ಲಿ ಬಿಟ್ಟುಹೋಗುತ್ತದೆ ಅಲ್ವಾ?

ಇದಕ್ಕಿಂತ ಕಷ್ಟ ‘ರಿಲೀಸ್’. ಅಮೆರಿಕದ ಆ ನಿಯಮದಲ್ಲಿ ತೋರಿಸುವುದು, ತಿಳಿಸುವುದು ಎಲ್ಲಕ್ಕೂ ಅದೊಂದೇ ಪದ. ಬಿಡುಗಡೆ ಎಂದರೆ ಸಿನಿಮಾ ಇಲ್ಲವೇ ಜೈಲು ನೆನಪಾಗುತ್ತದೆ. ಗುಟ್ಟು ಬಿಟ್ಟುಕೊಟ್ಟ ಅನ್ನುತ್ತೇವಲ್ಲ, ಆ ‘ಬಿಟ್ಟುಕೊಡು’ ಹತ್ತಿರ ಬರುತ್ತದೆ. ಆದರೆ ಅದರಲ್ಲಿ ತಪ್ಪು ಮಾಡಿದ ವಾಸನೆ ಇದೆ, ಲೈಸೆನ್ಸ್ ತಗೊಂಡು ತೋರಿಸಿದರೂ ಅದು ರಿಲೀಸೇ. ಆ ವಾಸನೆ ಇಲ್ಲದ ಪದ ಯಾರಿಗಾದರೂ ಹೊಳೆದರೆ ಹೇಳಿ.