ಹಾಲು ಸರಿಯಾಗಿ ಕಂಡ ಮೇಲೂ ಕೆಚ್ಚಲು ಬಾವು ಮರುಕಳಿಸುವುದೇಕೆ?

ಪ್ರಶ್ನೆ (ಹೈನುಗಾರ್ತಿ, ಮಂಡ್ಯ ಜಿಲ್ಲೆ): ಡಾಕ್ಟರೇ, ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸುಗಳೂ ಒಂದು ಕಡಸೂ ಇವೆ. ದೊಡ್ಡ ಹಸು ಮೂರನೆಯ ಕರು ಹಾಕಿ ಐದು ವಾರವಾಯಿತು; ಬೆಳಿಗ್ಗೆ 9, ಸಂಜೆ 7 ಲೀಟರ್ ಕೊಡುತ್ತಿತ್ತು. ಹದಿನೈದು ದಿನಗಳ ಹಿಂದೆ ಹಿಂಬದಿಯ ಬಲ ತೊಟ್ಟಿನ ಹಾಲಿನಲ್ಲಿ ಮೊಸರಿನ ಚೂರಿನಂತಹವು ಕಾಣಿಸಿದವು. ಆ ಭಾಗ ಮುಟ್ಟಿದರೆ ಬಿಸಿಯಾಗಿತ್ತು, ಕೈಹಾಕಿದರೆ ಒದೆಯುತ್ತಿತ್ತು. ವೈದ್ಯರು ಬಂದು ಇಂಜೆಕ್ಷನ್ ಕೊಟ್ಟು, ತೊಟ್ಟಿನೊಳಗೆ ಏರಿಸುವ ಟ್ಯೂಬುಗಳನ್ನು ಐದು ದಿನಕ್ಕೆ ಬರೆದುಕೊಟ್ಟರು. ಎರಡೇ ದಿನಕ್ಕೆ ಹಾಲು ಸರಿಹೋದದ್ದರಿಂದ ಉಳಿದ ಮೂರು ಟ್ಯೂಬುಗಳನ್ನು ಎತ್ತಿಟ್ಟೆವು. ಈಗ ಅದೇ ತೊಟ್ಟಿನಲ್ಲಿ ಮತ್ತೆ ಚೂರು ಬರುತ್ತಿದೆ, ದಿನದ ಹಾಲು 11 ಲೀಟರಿಗೆ ಇಳಿದಿದೆ, ನಿನ್ನೆ ಡೈರಿಯಿಂದ ಹಾಲು ವಾಪಸು ಬಂತು. ಅತ್ತೆಯವರು ದೃಷ್ಟಿ ತಗುಲಿದೆಯೆಂದು ಮೆಣಸಿನಕಾಯಿ ನಿವಾಳಿಸಿದ್ದಾರೆ. ಉಳಿದಿರುವ ಟ್ಯೂಬುಗಳನ್ನು ಈಗ ಹಾಕಬಹುದೆ?

ಉತ್ತರ (ಪಶುವೈದ್ಯ): ನಮಸ್ಕಾರ ಅಮ್ಮ. ಉಳಿದ ಟ್ಯೂಬುಗಳನ್ನು ನೀವಾಗಿಯೇ ಹಾಕಬೇಡಿ. ಹಾಲಿನಲ್ಲಿ ಚೂರು ನಿಂತಿತೆಂದರೆ ಕಾಯಿಲೆ ಹೋಯಿತೆಂದಲ್ಲ. ಬಾವು ತರುವ ಕೆಲವು ರೋಗಾಣುಗಳು, ಮುಖ್ಯವಾಗಿ ಸ್ಟ್ಯಾಫಿಲೋಕಾಕಸ್ ಜಾತಿಯವು, ಕೆಚ್ಚಲಿನ ಮಾಂಸದ ಒಳಗೆ ಅಡಗಿಕೊಂಡು, ಔಷಧಿ ನಿಂತ ಕೂಡಲೇ ಮತ್ತೆ ಹೆಚ್ಚುತ್ತವೆ. ಅರ್ಧಕ್ಕೆ ನಿಲ್ಲಿಸಿದ ಚಿಕಿತ್ಸೆಯಿಂದ ಅದೇ ಔಷಧಿಗೆ ಬಗ್ಗದ ರೋಗಾಣುಗಳು ಉಳಿದುಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಈ ಸಲ ಮೊದಲು ಹಾಲಿನ ಪರೀಕ್ಷೆಯಾಗಬೇಕು. ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಎರಡು ಮೂರು ಧಾರೆಗಳನ್ನು ಬಿಟ್ಟು, ನಂತರದ ಹಾಲನ್ನು ಆಸ್ಪತ್ರೆಯಲ್ಲಿ ಕೊಡುವ ಶುದ್ಧ ಸೀಸೆಯಲ್ಲಿ ಹಿಡಿದು ಕಳುಹಿಸಿದರೆ ಯಾವ ಔಷಧಿ ನಾಟುತ್ತದೆಂದು ತಿಳಿಯುತ್ತದೆ. ಆಸ್ಪತ್ರೆ ದೂರವಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಿ.

ಆ ವೇಳೆಗೆ ಉಳಿದ ಮೂರು ತೊಟ್ಟುಗಳನ್ನೂ ನೋಡಿಸಿಕೊಳ್ಳಿ. ನಾಲ್ಕು ಬಟ್ಟಲಿನ ಪ್ಯಾಡಲ್‌ನಲ್ಲಿ ಒಂದೊಂದು ತೊಟ್ಟಿನ ಹಾಲನ್ನು ಬೇರೆ ಬೇರೆ ಹಿಂಡಿ, ಈ ಪರೀಕ್ಷೆಗೆಂದೇ ಇರುವ ನೇರಳೆ ದ್ರಾವಣವನ್ನು ಅಷ್ಟೇ ಪ್ರಮಾಣದಲ್ಲಿ ಬೆರೆಸಿ ಮೆಲ್ಲಗೆ ತಿರುಗಿಸಿದಾಗ, ಒಳಗೇ ಬಾವಿರುವ ತೊಟ್ಟಿನ ಹಾಲು ಲೋಳೆಯಂತೆ ಗಟ್ಟಿಯಾಗಿ ನಡುವೆ ಗುಡ್ಡೆಗಟ್ಟುತ್ತದೆ. ಕಣ್ಣಿಗೆ ಹಾಲು ಬೆಳ್ಳಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಹೈನುಗಾರರಿಗೆ ಹೆಚ್ಚಿನ ನಷ್ಟ ತರುವುದು ಹೀಗೆ ಕಾಣದೆ ಉಳಿಯುವ ಬಾವೇ.

ನಿಮ್ಮ ಅತ್ತೆಯವರ ಮನಸ್ಸಿಗೆ ನೋವು ಮಾಡಬೇಡಿ, ನಿವಾಳಿಸಿದ್ದರಿಂದ ಹಸುವಿಗೆ ಕೆಡುಕೇನೂ ಇಲ್ಲ. ಆದರೆ ನೆಲ ಮತ್ತು ಕೈಗಳನ್ನು ನೀವು ನೋಡಿಕೊಳ್ಳಬೇಕು. ಹಾಲು ಕರೆದ ಮೇಲೆ ತೊಟ್ಟಿನ ತುದಿಯ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರೊಳಗೆ ಹಸು ಸಗಣಿ, ಗಂಜಲದ ಮೇಲೆ ಮಲಗಿತೆಂದರೆ ರೋಗಾಣುಗಳಿಗೆ ಬಾಗಿಲು ತೆರೆದಿಟ್ಟಂತೆಯೇ. ಆದ್ದರಿಂದ ಕರೆದ ಕೂಡಲೇ ತೊಟ್ಟುಗಳನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಗೋದಲಿಗೆ ಹಸಿ ಮೇವನ್ನೋ ರಾಗಿ ಹುಲ್ಲನ್ನೋ ಹಾಕಿ; ತಿನ್ನುತ್ತಾ ನಿಂತಿರುತ್ತದೆ. ಬಾವಿರುವ ಹಸುವನ್ನು ಎಲ್ಲಕ್ಕಿಂತ ಕೊನೆಗೆ, ಅದರಲ್ಲೂ ಬಾವಿನ ತೊಟ್ಟನ್ನು ಕಟ್ಟಕಡೆಗೆ ಕರೆಯಿರಿ. ಚೂರು ಬಂದ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಹಿಂಡುವ ರೂಢಿ ನಮ್ಮಲ್ಲಿ ಬಹಳವಿದೆ, ದಯವಿಟ್ಟು ಅದನ್ನು ಬಿಡಿ. ಬೇರೆ ಪಾತ್ರೆಗೆ ಹಿಂಡಿ, ಬ್ಲೀಚಿಂಗ್ ಪುಡಿ ಹಾಕಿ ದೂರದ ಗುಂಡಿಗೆ ಚೆಲ್ಲಿ.

ಪ್ರಶ್ನೆ (ಅದೇ ಹೈನುಗಾರ್ತಿ): ಔಷಧಿ ನಡೆಯುವಾಗ ಚೆನ್ನಾಗಿರುವ ಮೂರು ತೊಟ್ಟುಗಳ ಹಾಲನ್ನು ಡೈರಿಗೆ ಹಾಕಬಹುದೆ? ಇಲ್ಲವಾದರೆ ಕರುವಿಗೆ ಕುಡಿಸಬಹುದೆ?

ಉತ್ತರ: ಎರಡೂ ಬೇಡ ಅಮ್ಮ. ಔಷಧಿ ರಕ್ತಕ್ಕೆ ಸೇರಿ ನಾಲ್ಕೂ ತೊಟ್ಟುಗಳ ಹಾಲಿಗೆ ಬರುತ್ತದೆ, ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂತಹ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರುವುದನ್ನು ನೀವೂ ಕಂಡಿರಬಹುದು. ಕೊನೆಯ ಟ್ಯೂಬ್ ಹಾಕಿದ ಮೇಲೆ ಎಷ್ಟು ದಿನ ಹಾಲು ಬಿಡಬೇಕೆಂಬುದು ಅದರ ಪೊಟ್ಟಣದ ಮೇಲೆಯೇ ಇರುತ್ತದೆ, ವೈದ್ಯರನ್ನೂ ಕೇಳಿ. ಆ ದಿನಗಳ ನಷ್ಟ ನಿಮಗೆ ಎಷ್ಟು ಭಾರವೆಂದು ನನಗೆ ಗೊತ್ತು, ಆದರೂ ಆ ಹಾಲನ್ನು ಯಾರೋ ಮಗುವಿಗೆ ಕುಡಿಸುತ್ತಾರೆಂಬುದನ್ನು ಮರೆಯುವಂತಿಲ್ಲ. ಕರುವಿಗೆ ಇನ್ನೊಂದು ಹಸುವಿನ ಹಾಲು ಕುಡಿಸಿ.

ಪ್ರಶ್ನೆ (ಹೈನುಗಾರ, ಹಾಸನ ಜಿಲ್ಲೆ): ಲೋಳೆಸರ, ಅರಿಶಿನ, ಸುಣ್ಣದ ಲೇಪ ಕೆಲಸ ಮಾಡುತ್ತದೆಯೇ ಸಾರ್?

ಉತ್ತರ: ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡಿರುವ ಲೇಪವದು. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿಕೊಂಡು, ಹಿಡಿಯಷ್ಟನ್ನು ನೀರಿನಲ್ಲಿ ತೆಳುವಾಗಿ ಕಲಸಿ, ಕೆಚ್ಚಲನ್ನು ತೊಳೆದು ಹಾಲು ಪೂರ್ತಿ ಹಿಂಡಿದ ಮೇಲೆ ದಿನಕ್ಕೆ ಎಂಟು ಹತ್ತು ಬಾರಿ, ಐದು ದಿನ ಹಚ್ಚಬೇಕು. ಬಾವಿನ ಆರಂಭದಲ್ಲಿ ಇದನ್ನು ನಾನೂ ಹೇಳುತ್ತೇನೆ. ಆದರೆ ಹಸು ಮೇವು ಬಿಟ್ಟು ಜ್ವರದಿಂದ ನಿಂತಿದ್ದರೆ, ಹಾಲು ನೀರಿನಂತೆ ಅಥವಾ ರಕ್ತ ಬೆರೆತು ಬರುತ್ತಿದ್ದರೆ ಲೇಪವನ್ನು ನಂಬಿ ಕೂರದೆ ಅಂದೇ ವೈದ್ಯರನ್ನು ಕರೆಸಿ.

ಪ್ರಶ್ನೆ (ಮಂಡ್ಯದ ಹೈನುಗಾರ್ತಿ, ಮೂರು ದಿನಗಳ ನಂತರ): ಪ್ಯಾಡಲ್ ಪರೀಕ್ಷೆಯಲ್ಲಿ ಮುಂಬದಿಯ ಎಡ ತೊಟ್ಟಿನ ಹಾಲೂ ಗಟ್ಟಿಯಾಯಿತು. ನಮ್ಮ ಯಜಮಾನರು ಹೆಬ್ಬೆರಳು ಮಡಚಿ ಕರೆಯುತ್ತಾರೆ, ಅದೂ ಕಾರಣವಿರಬಹುದೆಂದು ವೈದ್ಯರು ಹೇಳಿದರು.

ಉತ್ತರ: ಅವರು ಹೇಳಿದ್ದು ಸರಿ. ಹೆಬ್ಬೆರಳ ಗೆಣ್ಣು ಒತ್ತಿದಾಗಲೆಲ್ಲ ತೊಟ್ಟಿನ ಒಳಪದರಕ್ಕೆ ಪೆಟ್ಟಾಗುತ್ತದೆ. ಐದೂ ಬೆರಳುಗಳಿಂದ ಮುಷ್ಟಿ ಹಿಡಿದು, ಹಸು ತೊರೆ ಬಿಟ್ಟ (ಹಾಲು ಇಳಿಸಿದ) ಐದರಿಂದ ಏಳು ನಿಮಿಷಗಳೊಳಗೆ ಕರೆದು ಮುಗಿಸಲು ನಿಮ್ಮ ಯಜಮಾನರಿಗೆ ಹೇಳಿ. ಮೊದಲ ವಾರ ಅವರ ಕೈ ನೋಯುತ್ತದೆ, ನೀವಿಬ್ಬರೂ ಒಂದೊಂದು ಹೊತ್ತು ಹಂಚಿಕೊಳ್ಳಿ. ಈ ಸಲ ಬರೆದುಕೊಟ್ಟಷ್ಟೂ ದಿನ ಔಷಧಿ ಹಾಕಿಸಿ, ಮುಗಿದ ಎರಡು ವಾರಕ್ಕೆ ನಾಲ್ಕೂ ತೊಟ್ಟುಗಳನ್ನು ಮತ್ತೆ ಪ್ಯಾಡಲ್‌ನಲ್ಲಿ ನೋಡಿಸಿ ಇಲ್ಲಿ ತಿಳಿಸಿ.